ಡೇಟಿಂಗ್ ಪ್ರೊಫೈಲ್‌ಗೆ ಹವ್ಯಾಸದ ಫೋಟೊ ತೆಗೆಯುವುದು ಹೇಗೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯ ಎಷ್ಟೋ ಪ್ರೊಫೈಲ್‌ಗಳಲ್ಲಿ ಕೂಲಿಂಗ್ ಗ್ಲಾಸ್ ಹಾಕಿ ಬೈಕಿಗೆ ಒರಗಿ ನಿಂತ ಫೋಟೊ ಇರುತ್ತದೆ, ಜೊತೆಗೆ ಮದುವೆ ಮನೆಯ ಒಂದು ಸೆಲ್ಫಿ. ನೋಡಿದವರಿಗೆ ಏನು ಕೇಳಬೇಕೆಂದು ತೋಚುವುದಿಲ್ಲ. 'ಹಾಯ್' ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಹವ್ಯಾಸದ ಫೋಟೊ ಹಾಕುವುದು ಎದುರಿನವರಿಗೆ ಮೊದಲ ಪ್ರಶ್ನೆ ಸಿಗಲಿ ಎಂದು.

ಮೊದಲ ಫೋಟೊ ಮಾತ್ರ ಮುಖದ್ದೇ ಇರಲಿ: ನೀವೊಬ್ಬರೇ, ಎದೆಯಿಂದ ಮೇಲಕ್ಕೆ. ಬಂಬಲ್‌ನಲ್ಲಿ 6, ಟಿಂಡರ್‌ನಲ್ಲಿ 9 ಫೋಟೊ ಹಾಕಬಹುದು, ಆದರೆ ಎಲ್ಲ ಜಾಗ ತುಂಬಬೇಕೆಂದೇನಿಲ್ಲ. ಒಟ್ಟು 5 ಹಾಕಿದರೆ ಹವ್ಯಾಸದ್ದು 2 ಸಾಕು, ಎರಡೂ ಬೇರೆ ಬೇರೆ ಹವ್ಯಾಸದ್ದಿರಲಿ.

ಈಗಲೂ ಮಾಡುತ್ತಿರುವುದನ್ನೇ ಆರಿಸಿ. ಗೆಳೆಯನ ಗಿಟಾರ್ ಹಿಡಿದು ನಿಂತರೆ ಎರಡನೇ ಮೆಸೇಜಿನಲ್ಲೇ 'ಯಾವ ಹಾಡು ನುಡಿಸ್ತೀರಿ?' ಎಂದು ಕೇಳುತ್ತಾರೆ. ಜೋಳದ ರೊಟ್ಟಿ ಬಡಿಯುವುದು, ಬಯಲಾಟದಲ್ಲಿ ಪಾತ್ರ ಹಾಕುವುದು, ಲಂಬಾಣಿ ಕಸೂತಿ, ದರೋಜಿ ಕಡೆ ಹಕ್ಕಿ ನೋಡಲು ಹೋಗುವುದು, ಓಣಿಯ ವಾಲಿಬಾಲ್, ಯಾವುದನ್ನೂ ಸಣ್ಣದೆಂದು ಬಿಡಬೇಡಿ. ರೊಟ್ಟಿ ಬಡಿಯುವ ಹುಡುಗನ ಫೋಟೊ ಜಿಮ್ ಕನ್ನಡಿಯ ಸೆಲ್ಫಿಗಿಂತ ಎಷ್ಟೋ ಮೇಲು.

ಫೋಟೊದಲ್ಲಿ ಕೆಲಸ ನಡೆಯುತ್ತಿರಬೇಕು. ಮುಖ, ಕೈ, ಕೈಯಲ್ಲಿರುವ ವಸ್ತು ಮೂರೂ ಒಟ್ಟಿಗೆ ಕಾಣಬೇಕು. ಬರೀ ಹಕ್ಕಿಯ ಫೋಟೊ ಹಾಕಿದರೆ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ, ದುರ್ಬೀನು ಹಿಡಿದು ನೋಡುತ್ತಿರುವ ನೀವು ಅದರಲ್ಲಿರಬೇಕು. ಮೊದಲು ಲೆನ್ಸನ್ನು ಹತ್ತಿ ಬಟ್ಟೆಯಿಂದ ಒರೆಸಿ. ಹಿಂದಿನ ಕ್ಯಾಮೆರಾವನ್ನೇ ಬಳಸಿ. ತೆಗೆಯುವವರು ಎರಡು ಮೀಟರ್ ದೂರ ನಿಂತು 2ಎಕ್ಸ್ ಜೂಮ್ ಇಟ್ಟುಕೊಳ್ಳಲಿ. ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ, ಕಿವಿ ಹಿಂದೆ ಸರಿದಂತೆ ಬರುತ್ತದೆ. ನೀವು ಕ್ಯಾಮೆರಾ ಮರೆತು ಕೆಲಸ ಮಾಡುತ್ತಿರಿ, ಅವರು ಒಂದೇ ಸಮನೆ 20-30 ಫೋಟೊ ತೆಗೆಯಲಿ, ಆಮೇಲೆ ಒಂದನ್ನು ಆರಿಸಿ. ಯಾರೂ ಇಲ್ಲದಿದ್ದರೆ ಫೋನನ್ನು ಎದೆಯ ಎತ್ತರದಲ್ಲಿ ಎಲ್ಲಾದರೂ ಆನಿಸಿ 10 ಸೆಕೆಂಡಿನ ಟೈಮರ್ ಹಾಕಿ. ಫೋನು ನೆಟ್ಟಗಿರಲಿ. ಆ್ಯಪ್‌ನಲ್ಲಿ ಹೆಸರು, ವಯಸ್ಸು ಫೋಟೊದ ಕೆಳಭಾಗದ ಮೇಲೆ ಬಂದು ಕೂರುವುದರಿಂದ ಕೈಗಳು ತೀರಾ ಕೆಳಗೆ ಬರದಂತೆ ನೋಡಿಕೊಳ್ಳಿ.

ನಮ್ಮ ಕಡೆ ಫೋಟೊ ಕೆಡುವುದು ಹೆಚ್ಚಾಗಿ ಬಿಸಿಲಿನಿಂದ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರುಗಳಿವು. ಒಂಬತ್ತರ ಹೊತ್ತಿಗೇ ಬಿಸಿಲು ಚುರುಗುಟ್ಟಿ ಕಣ್ಣು ಕಿರಿದಾಗುತ್ತವೆ, ನಡುಮಧ್ಯಾಹ್ನವಂತೂ ಕಣ್ಣಿನ ಗುಳಿಯಲ್ಲಿ ಕಪ್ಪು ನೆರಳು ಕೂರುತ್ತದೆ. ಬೆಳಿಗ್ಗೆ ಏಳೂವರೆಯೊಳಗೆ ಮುಗಿಸಿ, ಇಲ್ಲವೆ ಸಂಜೆ ಐದೂವರೆಯ ನಂತರ ತೆಗೆಯಿರಿ. ಮಧ್ಯಾಹ್ನವೇ ಆಗಬೇಕೆಂದರೆ ಬೇವಿನ ಮರದ ಅಥವಾ ಬಂಡೆಯ ನೆರಳಿಗೆ ಹೋಗಿ, ಬೆಳಕಿರುವ ಬಯಲಿನ ಕಡೆ ಮುಖ ಮಾಡಿ. ಮನೆಯೊಳಗಾದರೆ ಟ್ಯೂಬ್‌ಲೈಟ್ ಬಂದ್ ಮಾಡಿ ಕಿಟಕಿ ಪಕ್ಕ ಕೂತುಕೊಳ್ಳಿ, ಎರಡು ಬೆಳಕು ಬೆರೆತರೆ ಮುಖದ ಅರ್ಧಕ್ಕೊಂದು ಬಣ್ಣ ಬರುತ್ತದೆ.

ಮುದಗಲ್ ಕೋಟೆಯಲ್ಲೋ ಅಂಜನಾದ್ರಿ ಮೇಲೋ ತೆಗೆದ ಫೋಟೊದಲ್ಲಿ ಬೆಟ್ಟ, ಗೋಡೆ ಚೆನ್ನಾಗಿ ಬಂದು ಮನುಷ್ಯ ಎಳ್ಳುಕಾಳಿನಷ್ಟಾಗಿರುತ್ತಾನೆ. ಫೋಟೊದ ಎತ್ತರದಲ್ಲಿ ಅರ್ಧದಷ್ಟಾದರೂ ನೀವಿರಬೇಕು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು, ಹಾಗಾಗಿ ಫೋನನ್ನು ಕೈಯಲ್ಲೇ ಹಿಡಿಯಿರಿ. ಸಾಣಾಪುರದ ಕಡೆ ಬಂಡೆ ಮೇಲಿಂದ ನೀರಿಗೆ ಹಾರುವ ಫೋಟೊ ಬೇಡವೇ ಬೇಡ. ತುಂಗಭದ್ರೆಯ ಸೆಳವು ಮೇಲಿನಿಂದ ಕಾಣುವುದಿಲ್ಲ.

ತೆಗೆದ ಮೇಲೆ ಬೆಳಕನ್ನಷ್ಟೇ ಸ್ವಲ್ಪ ಏರಿಸಿ. ಮುಖ ನುಣ್ಣಗೆ ಮಾಡುವ ಫಿಲ್ಟರ್ ಹಾಕಿದರೆ ಭೇಟಿಯಾದ ದಿನವೇ ನಂಬಿಕೆ ಹೋಗುತ್ತದೆ.

ಸಣ್ಣ ಊರಿನಲ್ಲಿ ಹಾಕುವ ಮುಂಚೆ ಹಿನ್ನೆಲೆ ನೋಡಲೇಬೇಕು. ಗಾಡಿ ನಂಬರ್, ಮನೆಯ ಮುಂಭಾಗ, ಕಾರ್ಖಾನೆಯ ಐಡಿ ಕಾರ್ಡ್, ದಿನಾ ಆಡುವ ಮೈದಾನದ ಬೋರ್ಡು ಕಂಡರೆ ಕತ್ತರಿಸಿ. ಹೆಣ್ಣುಮಕ್ಕಳು ಇದರಲ್ಲಿ ಇನ್ನಷ್ಟು ಬಿಗಿಯಾಗಿರುವುದು ಒಳ್ಳೆಯದು. ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ್ದ ಫೋಟೊವನ್ನೇ ಇಲ್ಲಿ ಹಾಕಬೇಡಿ, ಗೂಗಲ್ ಲೆನ್ಸ್‌ನಲ್ಲಿ ಹುಡುಕಿ ನಿಮ್ಮ ಪೂರ್ತಿ ಹೆಸರು ತಿಳಿದುಕೊಳ್ಳಬಹುದು. ಪಕ್ಕದಲ್ಲಿರುವ ಗೆಳೆಯರನ್ನು ಕೇಳಿಯೇ ಹಾಕಿ, ಮಕ್ಕಳ ಮುಖ ಬೇಡ.

ಜೊತೆಗೆ ಒಂದು ಸಾಲು ಬರೆಯಿರಿ. 'ಅಡುಗೆ ಅಂದ್ರೆ ಇಷ್ಟ' ಎಂದರೆ ಯಾರೂ ಉತ್ತರಿಸುವುದಿಲ್ಲ. 'ಎಣ್ಣೆಗಾಯಿಗೆ ಶೇಂಗಾ ಜಾಸ್ತಿನೋ, ಗುರೆಳ್ಳು ಜಾಸ್ತಿನೋ?' ಎಂದು ಕೇಳಿ ನೋಡಿ. ಎರಡು ವಾರದಲ್ಲಿ ಬಂದ ಮೆಸೇಜುಗಳಲ್ಲಿ ಒಬ್ಬರೂ ಆ ಫೋಟೊದ ಮಾತೆತ್ತದಿದ್ದರೆ ತೆಗೆದು ಬೇರೆಯದು ಹಾಕಿ.