ಗಾಡಿ ಹೊರಡುವ ಮೊದಲು ಒಂದು ಫೋನ್

ಉತ್ತರ ಕನ್ನಡದಲ್ಲಿ ಅಪಘಾತವಾದರೆ ಗಾಯಾಳು ಯಾವ ಊರಿಗೆ ಹೋಗುತ್ತಾನೆ ಎಂಬುದನ್ನು ಬಹುಪಾಲು ರಸ್ತೆಯೇ ತೀರ್ಮಾನಿಸುತ್ತದೆ. ಕಾರವಾರದವರು ಗೋವಾದ ಬಾಂಬೋಲಿಂಗೆ, ಹೊನ್ನಾವರ, ಭಟ್ಕಳದವರು ಮಣಿಪಾಲಕ್ಕೆ, ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ ಓಡುತ್ತಾರೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡದಿದ್ದರೆ ಮತವೂ ಇಲ್ಲವೆಂದು 2022ರಲ್ಲಿ ಜಿಲ್ಲೆಯ ಜನ ಸಿಡಿದೆದ್ದಿದ್ದರು. ಬೇಡಿಕೆ ನ್ಯಾಯವಾದದ್ದೇ. ಆದರೆ ಕಟ್ಟಡ ಎದ್ದು, ಅದರೊಳಗೆ ನರ ಶಸ್ತ್ರಚಿಕಿತ್ಸಕರು ಬಂದು ನೆಲೆಸುವವರೆಗೆ ಹೆದ್ದಾರಿ ಸುಮ್ಮನೆ ಕಾಯುತ್ತದೆಯೇ? ಕರಾವಳಿಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸಕನಾಗಿದ್ದ ನಾನು ಮತ್ತು ಕೆಲವು ಸಹೋದ್ಯೋಗಿಗಳು ಇರುವ ಸೌಲಭ್ಯಗಳನ್ನೇ ಒಂದಕ್ಕೊಂದು ಜೋಡಿಸುವ ಕೆಲಸಕ್ಕೆ ಕೈಹಾಕಿದೆವು.

ಶುರು ಮಾಡಿದ್ದು ಚೀಟಿಯಿಂದ. ಆಗ ಗಾಯಾಳುವಿನ ಜೊತೆ ಹೋಗುತ್ತಿದ್ದ ಚೀಟಿಯಲ್ಲಿ ‘ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ’ ಎಂಬ ಒಂದು ಸಾಲು, ಕೆಳಗೆ ಓದಲಾಗದ ಸಹಿ. ಎರಡು ತಾಸು ಪ್ರಯಾಣ ಮಾಡಿ ಬಂದವನನ್ನು ಆ ಕಡೆಯ ವೈದ್ಯರು ಮೊದಲಿನಿಂದ ಪರೀಕ್ಷಿಸಬೇಕು. ಅದಕ್ಕೂ ಮುಂಚೆ ‘ವೆಂಟಿಲೇಟರ್ ಖಾಲಿ ಇಲ್ಲ’ ಎಂದು ಬಾಗಿಲಲ್ಲೇ ತಿರುಗಿಸಿ ಕಳುಹಿಸಿದರೆ ಮುಗಿಯಿತು. ನಾವು ಅದರ ಬದಲು ಕಾರ್ಬನ್ ಪ್ರತಿ ಇರುವ ಒಂದು ಹಾಳೆ ಮಾಡಿದೆವು. ಪೆಟ್ಟಾದ ಹೊತ್ತು, ನಾಡಿ, ರಕ್ತದೊತ್ತಡ, ಪ್ರಜ್ಞೆಯ ಮಟ್ಟ, ಎರಡೂ ಕಣ್ಣುಗಳ ಪಾಪೆಯ ಗಾತ್ರ, ಕೈಕಾಲಿಗೆ ರಕ್ತ ನಿಲ್ಲಿಸುವ ಪಟ್ಟಿ ಬಿಗಿದಿದ್ದರೆ ಬಿಗಿದ ಸಮಯ. ರಕ್ತಸ್ರಾವ ತಗ್ಗಿಸುವ ಟ್ರನೆಕ್ಸಾಮಿಕ್ ಆ್ಯಸಿಡ್‌ಗೆ ಪ್ರತ್ಯೇಕ ಚೌಕ. ವಿಪರೀತ ರಕ್ತ ಹೋಗುತ್ತಿರುವವರಿಗೆ ಈ ಔಷಧ ಒಂದು ಗ್ರಾಂ ಕೊಡುತ್ತೇವೆ. ಪೆಟ್ಟಾದ ಮೂರು ತಾಸಿನೊಳಗೆ ಕೊಟ್ಟರೆ ಮಾತ್ರ ಪ್ರಯೋಜನ. ಹುಬ್ಬಳ್ಳಿ ಮುಟ್ಟಿದ ಮೇಲೆ ಕೊಡೋಣವೆಂದರೆ ಘಟ್ಟ ಹತ್ತುವುದರೊಳಗೆ ಆ ಹೊತ್ತು ಮೀರಬಹುದು. ಹಾಗಾಗಿ ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸವಿದು.

ಹಾಳೆಯ ನೆತ್ತಿಯ ಮೇಲೆ, ಯಾರ ಜೊತೆ ಫೋನಿನಲ್ಲಿ ಮಾತಾಯಿತು, ಎಷ್ಟು ಗಂಟೆಗೆ ಎಂದು ಬರೆಯುವ ಜಾಗ ಇಟ್ಟೆವು. ಸ್ಟ್ರೆಚರ್ ಗಾಡಿಗೆ ಏರುವಾಗಲೇ ಒಬ್ಬರು ಫೋನ್ ಹಿಡಿದಿರಬೇಕು. ತಮಿಳುನಾಡು ಇದನ್ನು ರಾಜ್ಯದುದ್ದಕ್ಕೂ ಪದ್ಧತಿಯಾಗಿ ತಂದಿದೆ: ಆಂಬುಲೆನ್ಸ್ ತಲುಪುವ ಮೊದಲೇ ಆಸ್ಪತ್ರೆಗೆ ಸುದ್ದಿ ಮುಟ್ಟುತ್ತದೆ, ಬಂದವರನ್ನು ಸ್ಥಿತಿಯ ಗಂಭೀರತೆ ನೋಡಿ ಕೆಂಪು, ಹಳದಿ, ಹಸಿರು ವಲಯಗಳಿಗೆ ಹಂಚುತ್ತಾರೆ. ನಮ್ಮ ಕಷ್ಟವೆಂದರೆ ಕರೆ ಬೇರೆ ಜಿಲ್ಲೆಗೆ, ಕೆಲವೊಮ್ಮೆ ಬೇರೆ ರಾಜ್ಯಕ್ಕೇ ಹೋಗಬೇಕು. ಕಾರವಾರದಲ್ಲಿ ಹೊರಡಿಸಿದ ಆದೇಶ ಗೋವಾದಲ್ಲಿ ನಡೆಯುವುದಿಲ್ಲ. ಸಭೆಗಳಲ್ಲಿ ಹಿರಿಯರು ಒಪ್ಪಿ ಚಹಾ ಕುಡಿದು ಏಳುತ್ತಿದ್ದರು. ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವ ಕಿರಿಯ ವೈದ್ಯನಿಗೆ ಆ ಒಪ್ಪಂದದ ಸುಳಿವೇ ಇರುತ್ತಿರಲಿಲ್ಲ. ಕೊನೆಗೆ ಕ್ಯಾಶುಯಲ್ಟಿಗಳಿಗೆ ನಾವೇ ಹೋಗಿ, ಪಾಳಿಯಲ್ಲಿದ್ದ ವೈದ್ಯರನ್ನೂ ನರ್ಸ್‌ಗಳನ್ನೂ ಕಂಡು, ಹಾಳೆ ತೋರಿಸಿ ಬಂದೆವು. ವೈದ್ಯರು ಬದಲಾಗುತ್ತಿರುತ್ತಾರೆ, ನರ್ಸ್‌ಗಳು ಉಳಿಯುತ್ತಾರೆ. ಕೆಲಸ ನಿಂತದ್ದು ಅವರ ಮೇಲೆಯೇ.

108 ವಾಹನ ನಮ್ಮ ರಾಜ್ಯದಲ್ಲಿ 2008ರಿಂದ ಓಡುತ್ತಿದೆ. ಆದರೂ ಹೆದ್ದಾರಿಯಲ್ಲಿ ಗಾಯಾಳುವಿನ ಬಳಿ ಮೊದಲು ಬಂದು ನಿಲ್ಲುವವರು ಆಟೋದವರು, ಮೀನು ಲಾರಿಯವರು, ಗಸ್ತಿನ ಪೊಲೀಸರು. ಅವರಿಗಿದ್ದ ಭಯ ಒಂದೇ, ಠಾಣೆಗೂ ಕೋರ್ಟಿಗೂ ಅಲೆಯಬೇಕಲ್ಲ ಎಂಬುದು. ನೆರವಾದವರನ್ನು ಪೀಡಿಸಬಾರದು ಎಂಬ ಕಾನೂನು ಕರ್ನಾಟಕದಲ್ಲಿ 2018ರಿಂದಲೇ ಇದೆ. ಅದನ್ನು ವೈದ್ಯರು ಹೇಳಿದರೆ ನಗುತ್ತಿದ್ದ ಆಟೋ ಚಾಲಕರು ಸಬ್ ಇನ್ಸ್‌ಪೆಕ್ಟರ್ ನಿಂತು ಹೇಳಿದಾಗ ನಂಬಿದರು. ಆಮೇಲಿನ ತರಬೇತಿಗಳನ್ನೆಲ್ಲ ಠಾಣೆಯ ಅಂಗಳದಲ್ಲೇ ನಡೆಸಿದೆವು.

ಘಟ್ಟದ ಮೇಲಿನ ಲೆಕ್ಕವೇ ಬೇರೆ. ಅಲ್ಲಿ ವಾಹನದಷ್ಟೇ ಅಡಿಕೆ ಮರವೂ ಬೆನ್ನು ಮುರಿಯುತ್ತದೆ. ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಯಲು ಹತ್ತಿದವರು ಜಾರಿ ಬಿದ್ದರೆ, ತೋಟದಿಂದ ರಸ್ತೆಗೆ ಕಂಬಳಿಯಲ್ಲಿ ಹೊತ್ತು ತರುವುದು ರೂಢಿ. ಕಂಬಳಿ ನಡುವೆ ಜೋಲುತ್ತದೆ, ಬೆನ್ನುಮೂಳೆಯೂ ಅದರೊಂದಿಗೆ ಬಾಗುತ್ತದೆ. ಬೆನ್ನು ಬಾಗದಂತೆ ಮಲಗಿಸಿ ಒಯ್ಯುವ ಆಸ್ಪತ್ರೆಯ ಬೋರ್ಡು ಪ್ರತಿ ಹಳ್ಳಿಗೂ ಎಲ್ಲಿಂದ ಬರಬೇಕು? ತರಬೇತಿಗೆ ಬಂದಿದ್ದ, ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡರೊಬ್ಬರು, ‘ಡಾಕ್ಟರೇ, ದಬ್ಬೆ ಇದೆಯಲ್ಲ’ ಎಂದರು. ದಬ್ಬೆ ಎಂದರೆ ಅಡಿಕೆ ಮರದ ಕಾಂಡದ ಸೀಳು. ಅಂಥ ದಬ್ಬೆಗಳನ್ನು ಒತ್ತೊತ್ತಾಗಿ ಜೋಡಿಸಿ, ಅಡ್ಡಪಟ್ಟಿ ಕೊಟ್ಟು ಹಗ್ಗದಲ್ಲಿ ಬಿಗಿದು, ಮೇಲೆ ಮಡಿಸಿದ ಕಂಬಳಿ ಹಾಸಿ ತೋರಿಸಿದರು. ಬಾಗದ, ಗಟ್ಟಿಯಾದ, ನಾಲ್ವರು ಎತ್ತಬಹುದಾದ ಹಲಗೆ ಸಿದ್ಧವಾಯಿತು. ನಾವು ಕಲಿಸಿದ್ದು ಕುತ್ತಿಗೆಯನ್ನು ಒಬ್ಬರು ಹಿಡಿದು, ಮೈಯನ್ನು ಒಟ್ಟಿಗೇ ಹೊರಳಿಸುವ ಕ್ರಮವನ್ನಷ್ಟೇ. ಕೆಲವು ಸಹಕಾರಿ ಸಂಘಗಳು ಗೋದಾಮಿನಲ್ಲಿ ಅಂಥದ್ದೊಂದನ್ನು ಕಟ್ಟಿಟ್ಟುಕೊಂಡಿವೆ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿಯೇ ಎರಡು ತುಂಡಾಯಿತು. ಕರಾವಳಿಯನ್ನು ಒಂದೇ ಉದ್ದನೆಯ ರಸ್ತೆ ಎಂದು ನಂಬಿ ಮಾಡಿದ ಯೋಜನೆಗೆ ಅರ್ಥ ಉಳಿಯಲಿಲ್ಲ. ಈಗ ಮಳೆಗಾಲಕ್ಕೆ ಬೇರೆಯೇ ಪಟ್ಟಿ ಇದೆ, ಯಾವ ಘಟ್ಟ ಮುಚ್ಚಿದರೆ ಯಾವ ದಿಕ್ಕು ಎಂದು. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಬರುತ್ತಿದ್ದ ಲಾರಿ ಯಲ್ಲಾಪುರದ ಬಳಿ ಉರುಳಿ ಹತ್ತು ಮಂದಿ ವ್ಯಾಪಾರಿಗಳು ತೀರಿಕೊಂಡರು. ಅಷ್ಟು ಜನ ಒಮ್ಮೆಲೇ ಬಿದ್ದಾಗ ಗಾಯಾಳುವಿಗೊಂದು ಕರೆ ಎಂಬ ನಿಯಮ ನಡೆಯದು. ಒಬ್ಬರೇ ಫೋನ್ ಹಿಡಿದು, ಎಲ್ಲರ ಲೆಕ್ಕವನ್ನೂ ಒಟ್ಟಿಗೆ ಕೊಡಬೇಕು.

ದುಡ್ಡಿನ ಮಾತು ಕಡೆಗೆ ಬಂದೇ ಬರುತ್ತದೆ. ರಸ್ತೆ ಅಪಘಾತದವರಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಕೇಂದ್ರ 2025ರಲ್ಲಿ ಜಾರಿಗೆ ತಂದಿದೆ. ಮರದಿಂದ ಬಿದ್ದವರಿಗೆ ಅದು ಸಿಗುವುದಿಲ್ಲ. ಅವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವೇ ಗತಿ. ಗಾಯಾಳುವನ್ನು ಹುಬ್ಬಳ್ಳಿಗೆ ಸೇರಿಸಿ, ಕಾರ್ಡ್ ತರಲು ಮನೆಯವರು ಮತ್ತೆ ಘಟ್ಟ ಇಳಿದು ಬರುವುದನ್ನು ಎಷ್ಟೋ ಸಲ ನೋಡಿದ್ದೇವೆ. ಆದ್ದರಿಂದ ಹಾಳೆಯ ಕೊನೆಯಲ್ಲಿ ಇನ್ನೊಂದು ಚೌಕ ಸೇರಿಸಿದ್ದೇವೆ: ಆಧಾರ್, ರೇಷನ್ ಕಾರ್ಡ್ ಗಾಡಿಯಲ್ಲಿವೆಯೇ?