ಅಲುಗುವ ಕುತ್ತಿಗೆಯ ಚಿತ್ರ: ಹಳೆಯ ತಲೆನೋವಿನ ಬೆನ್ನು ಹತ್ತಿದ ನನ್ನ ಅನುಭವ

ಮರ ಹತ್ತುವ ಕೊನೆಗಾರರು ಸಿಗದ ಮಲೆನಾಡಿನ ತೋಟಗಳಲ್ಲಿ ಅಡಿಕೆ ಕೊಯ್ಲು ಈಗ ಕಾರ್ಬನ್ ಫೈಬರ್ ದೋಟಿಯಿಂದ ನಡೆಯುತ್ತದೆ. ದೋಟಿ ಹಿಡಿದವರು ತಲೆಯನ್ನು ಹಿಂದಕ್ಕೆ ಚೆಲ್ಲಿ ಗಂಟೆಗಟ್ಟಲೆ ಗೊನೆಗಳನ್ನೇ ನೋಡುತ್ತ ನಿಲ್ಲಬೇಕು. ಅಂಥ ಕೆಲಸ ಮಾಡುವ, ನಲವತ್ತರ ಆಸುಪಾಸಿನ ಒಬ್ಬರನ್ನು ನರರೋಗ ತಜ್ಞರು ನಮ್ಮ ಕ್ಷ-ಕಿರಣ ವಿಭಾಗಕ್ಕೆ ಕಳುಹಿಸಿದ್ದರು. ಎರಡು ವರ್ಷಗಳಿಂದ ಬಲಭಾಗದ ತಲೆನೋವು. ನೋವು ಹೆಡಕಿನಲ್ಲಿ ಹುಟ್ಟಿ ಕಣ್ಣಿನ ಮೇಲೆ ಬಂದು ನಿಲ್ಲುತ್ತಿತ್ತು, ಮೇಲೆ ನೋಡಿದರೆ ಹೆಚ್ಚುತ್ತಿತ್ತು. ಅವರ ಕೈಚೀಲದಲ್ಲಿ ಮಿದುಳಿನ ಎಂಆರ್‌ಐ, ಕುತ್ತಿಗೆಯ ಎಂಆರ್‌ಐ, ಎರಡು ಸಲ ತೆಗೆಸಿದ ಎಕ್ಸ್‌ರೇ ಎಲ್ಲವೂ ಇದ್ದವು, ಯಾವುದರಲ್ಲೂ ವಿಶೇಷವಾದುದು ಕಂಡಿರಲಿಲ್ಲ. ಆದರೆ ಅವೆಲ್ಲವೂ ಕುತ್ತಿಗೆ ಅಲುಗದಿದ್ದಾಗ ತೆಗೆದ ಚಿತ್ರಗಳು. ನೋವು ಬರುವ ಭಂಗಿಯಲ್ಲಿ ಅದನ್ನು ಯಾರೂ ನೋಡಿರಲಿಲ್ಲ.

ಕುತ್ತಿಗೆಯ ನೋವು ಹಣೆಯಲ್ಲಿ ಕಾಣಿಸಿಕೊಳ್ಳುವುದು ಅಚ್ಚರಿಯ ಸಂಗತಿಯೇನಲ್ಲ. ಕುತ್ತಿಗೆಯ ಮೇಲ್ಭಾಗದ ಮೂರು ನರಗಳೂ, ಮುಖ ಮತ್ತು ಹಣೆಯ ಸಂವೇದನೆಯನ್ನು ಒಯ್ಯುವ ಟ್ರೈಜೆಮಿನಲ್ ನರವೂ ಬೆನ್ನುಹುರಿಯ ಮೇಲ್ತುದಿಯಲ್ಲಿ ಒಂದೇ ನರಕೋಶಗಳ ಗುಂಪಿಗೆ ಬಂದು ಸೇರುವುದರಿಂದ, ಕುತ್ತಿಗೆಯ ಎರಡು ಮತ್ತು ಮೂರನೆಯ ಕಶೇರುಗಳ, ಅಂದರೆ ಬೆನ್ನೆಲುಬಿನ ಮಣಿಗಳ, ನಡುವಿನ ಕೀಲು ನೊಂದರೆ ಮಿದುಳು ಅದನ್ನು ಕಣ್ಣಿನ ಮೇಲಿನ ನೋವೆಂದು ಗ್ರಹಿಸಬಹುದು. ಇಂಥ ತಲೆನೋವಿಗೆ ನಾರ್ವೆಯ ನರತಜ್ಞ ಒಟ್ಟಾರ್ ಸ್ಯೋಸ್ಟಾದ್ 1983ರಲ್ಲಿ ಸರ್ವಿಕೋಜೆನಿಕ್, ಅಂದರೆ ಕುತ್ತಿಗೆಯಿಂದ ಹುಟ್ಟುವ ತಲೆನೋವು, ಎಂಬ ಹೆಸರು ಕೊಟ್ಟರು. ತೊಡಕೆಂದರೆ, ಮೈಗ್ರೇನ್ ಇರುವ ಬಹಳ ಮಂದಿಗೂ ಕುತ್ತಿಗೆ ನೋಯುತ್ತದೆ.

ಕುತ್ತಿಗೆ ಅಲುಗುತ್ತಿರುವಾಗಲೇ ಅದರ ಕ್ಷ-ಕಿರಣ ವಿಡಿಯೊ ತೆಗೆಯಲು ನಾನು ಬಳಸುವುದು ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿರುವ ಬಗೆಯ ಸಾಮಾನ್ಯ ಸಿ-ಆರ್ಮ್ ಎಂಬ ಕ್ಷ-ಕಿರಣ ಯಂತ್ರವನ್ನೇ. ಮೊದಲು ಕುತ್ತಿಗೆ ನೇರವಾಗಿರುವಾಗ ಪಕ್ಕದಿಂದ ಒಂದು ಚಿತ್ರ ತೆಗೆದು, ಮೊದಲೆರಡು ಕಶೇರುಗಳ ಹೊಂದಾಣಿಕೆ ಸರಿಯಿದೆಯೆಂದು ಖಚಿತವಾದ ಮೇಲಷ್ಟೇ ಚಲನೆಗೆ ಹೋಗುತ್ತೇನೆ. ಇತ್ತೀಚೆಗೆ ಪೆಟ್ಟು ಬಿದ್ದವರು, ಕೈಕಾಲುಗಳಲ್ಲಿ ಬಲ ಕುಂದಿದವರು, ನಡಿಗೆ ತಪ್ಪುತ್ತಿರುವವರು, ಸಿಡಿಲು ಬಡಿದಂತೆ ಹಠಾತ್ತನೆ ತಲೆನೋವು ಬಂದವರು ಈ ಕೊಠಡಿಗೆ ಬರಬಾರದು. ಅವರ ದಾರಿ ಬೇರೆ. ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ ಕೂರಿಸಿ, ಕಿರಣವನ್ನು ಹಾಯಿಸದೆಯೇ ಎರಡು ಬಾರಿ ಅಭ್ಯಾಸ ಮಾಡಿಸುತ್ತೇನೆ: ಮೊದಲು ಹೌದೆಂದು ತಲೆಯಾಡಿಸುವಷ್ಟು ಸಣ್ಣ ಚಲನೆ, ಆಮೇಲೆ ಗದ್ದ ಎದೆಗೆ ತಾಗುವಂತೆ ಪೂರ್ತಿ ಬಗ್ಗುವುದು, ಕೊನೆಗೆ ಸೂರು ನೋಡುವುದು. ಇದೆಲ್ಲವನ್ನೂ ರೋಗಿ ತಾನಾಗಿಯೇ ಮಾಡಬೇಕು. ಕೈಯಿಂದ ತಲೆಯನ್ನು ಒತ್ತಿ ಇನ್ನಷ್ಟು ಬಗ್ಗಿಸುವುದನ್ನು ನಾನು ಮಾಡುವುದಿಲ್ಲ, ಕಿರಿಯರಿಗೂ ಬಿಡುವುದಿಲ್ಲ.

ಒಂದೊಂದು ಚಲನೆಗೆ ಎಂಟು ಹತ್ತು ಸೆಕೆಂಡು ಸಾಕು, ಒಟ್ಟಾರೆ ಕಿರಣ ಹಾಯುವುದು ಒಂದು ನಿಮಿಷಕ್ಕಿಂತ ಕಡಿಮೆ. ಕಿರಣವನ್ನು ಬಿಟ್ಟುಬಿಟ್ಟು ಹಾಯಿಸಿ, ಕಣ್ಣಿನ ಭಾಗ ಆದಷ್ಟೂ ಹೊರಗುಳಿಯುವಂತೆ ಅದರ ಅಂಚುಗಳನ್ನು ಕಿರಿದುಗೊಳಿಸುತ್ತೇವೆ. ಕುತ್ತಿಗೆಯ ಸಾಧಾರಣ ಎಕ್ಸ್‌ರೇಯಿಂದ ದೇಹಕ್ಕೆ ತಗಲುವ ವಿಕಿರಣ ಸುಮಾರು 0.2 ಮಿಲಿಸೀವರ್ಟ್, ಪ್ರಕೃತಿಯಿಂದಲೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ. ಹಾಗೆಂದು ಚಲನೆಯ ಚಿತ್ರವನ್ನು ಸುಮ್ಮನೆ ಕುತೂಹಲಕ್ಕಾಗಿ ತೆಗೆಯಬಹುದೆಂದು ಅರ್ಥವಲ್ಲ.

ವಿಡಿಯೊವನ್ನು ನಿಧಾನಗತಿಯಲ್ಲಿ ಓಡಿಸಿ, ಕಶೇರುಗಳ ಹಿಂಬದಿಯ ಅಂಚನ್ನು ಜೋಡಿಸುವ ಗೆರೆ ಎಲ್ಲಿಯಾದರೂ ಮೆಟ್ಟಿಲಿನಂತೆ ಮುರಿಯುತ್ತದೆಯೇ ಎಂದು ನೋಡುತ್ತೇನೆ. ಒಂದು ಕಶೇರು ಇನ್ನೊಂದರ ಮೇಲೆ 3.5 ಮಿಲಿಮೀಟರಿಗಿಂತ ಹೆಚ್ಚು ಜಾರಿದರೆ, ಅಥವಾ ನೆರೆಯ ಜೋಡಿಗಳಿಗೆ ಹೋಲಿಸಿದಾಗ ಕೋನದ ವ್ಯತ್ಯಾಸ 11 ಡಿಗ್ರಿ ಮೀರಿದರೆ ಅಸ್ಥಿರತೆಯನ್ನು ಶಂಕಿಸಬೇಕು ಎಂಬುದು ಬೆನ್ನೆಲುಬಿನ ಸಂಶೋಧಕರಾದ ವೈಟ್ ಮತ್ತು ಪಂಜಾಬಿ ಅವರು ಕೊಟ್ಟ ಅಳತೆ. ಬಳೆಯಂತಿರುವ ಮೊದಲ ಕಶೇರುವಿನ ಮುಂಭಾಗಕ್ಕೂ ಎರಡನೆಯದರಿಂದ ಮೇಲಕ್ಕೆ ಚಾಚಿದ ಗೂಟಕ್ಕೂ ನಡುವಿನ ಅಂತರ ವಯಸ್ಕರಲ್ಲಿ 3 ಮಿಲಿಮೀಟರ್ ದಾಟಬಾರದು. ಈ ಪರೀಕ್ಷೆಯ ನಿಜವಾದ ಬೆಲೆ ನನಗೆ ತಿಳಿದದ್ದು ಇಲ್ಲಿಯೇ: ಬಹುಕಾಲದ ರುಮಟಾಯ್ಡ್ ಸಂಧಿವಾತವಿದ್ದ ಮಹಿಳೆಯೊಬ್ಬರಲ್ಲಿ ನೇರ ಕುಳಿತಾಗ 2 ಮಿಲಿಮೀಟರ್ ಇದ್ದ ಆ ಅಂತರ, ಅವರು ಗೋಣು ಬಗ್ಗಿಸಲು ತೊಡಗಿದೊಡನೆ 6ಕ್ಕೆ ಅಗಲವಾಯಿತು. ಅಲ್ಲಿಗೇ ನಿಲ್ಲಿಸಿ, ಅಂದೇ ಅವರನ್ನು ನರಶಸ್ತ್ರಚಿಕಿತ್ಸಕರ ಬಳಿಗೆ ಕಳುಹಿಸಿದೆವು.

ತಪ್ಪು ಮಾಡಿದ್ದೂ ಉಂಟು. ಈ ಕೆಲಸದ ಆರಂಭದ ದಿನಗಳಲ್ಲಿ ಯುವ ಶಿಕ್ಷಕಿಯೊಬ್ಬರ ಮೂರು ಮತ್ತು ನಾಲ್ಕನೆಯ ಕಶೇರುಗಳ ನಡುವೆ ಎರಡೂವರೆ ಮಿಲಿಮೀಟರಿನ ಜಾರುವಿಕೆಯನ್ನು ಕಂಡು, ತಲೆನೋವಿಗೆ ಇದೇ ಕಾರಣವಿರಬಹುದೆಂದು ವರದಿಯಲ್ಲಿ ಬರೆದುಬಿಟ್ಟೆ. ಯಾವ ತೊಂದರೆಯೂ ಇಲ್ಲದವರಲ್ಲಿಯೂ ಅಷ್ಟು ಚಲನೆ ಕಾಣುತ್ತದೆಂಬುದನ್ನು ನಾನು ಮರೆತಿದ್ದೆ. ಅವರು ನಾಲ್ಕು ತಿಂಗಳು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು, ತಿರುಗಿ ನೋಡಲೂ ಹೆದರುತ್ತ ಕಾಲ ಕಳೆದರು. ಬೇರೊಬ್ಬ ವೈದ್ಯರು ಮಾತ್ರೆಗಳ ಲೆಕ್ಕ ಕೇಳಿದಾಗ, ತಿಂಗಳಿಗೆ ಇಪ್ಪತ್ತು ದಿನ ನೋವಿನ ಮಾತ್ರೆ ನುಂಗುತ್ತಿದ್ದುದು ಹೊರಬಿತ್ತು. ಸಾಮಾನ್ಯ ನೋವುನಿವಾರಕವನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು ದಿನ, ಮೂರು ತಿಂಗಳು ಮೀರಿ ತೆಗೆದುಕೊಂಡರೆ ಮಾತ್ರೆಯೇ ತಲೆನೋವನ್ನು ಬೆಳೆಸಬಲ್ಲದು. ಅವರದು ಮೈಗ್ರೇನ್ ಮೇಲೆ ಮಾತ್ರೆ ಹೇರಿದ ಹೊರೆ, ಕುತ್ತಿಗೆ ನಿರಪರಾಧಿಯಾಗಿತ್ತು. ಆಮೇಲಿನಿಂದ ಮಾತ್ರೆಗಳ ಲೆಕ್ಕವನ್ನು ಕೇಳದೆ ನಾನು ಯಂತ್ರದ ಗುಂಡಿ ಒತ್ತುವುದಿಲ್ಲ.

ಇನ್ನೊಂದು ಎಚ್ಚರಿಕೆಯೂ ಬೇಕು. ನೋವಿನ ಬಿಗಿತದಿಂದ ರೋಗಿ ಸರಿಯಾಗಿ ಬಗ್ಗದಿದ್ದರೆ ವಿಡಿಯೊ ಎಲ್ಲವೂ ಸರಿಯಿದೆಯೆಂದು ಸುಳ್ಳು ಹೇಳುತ್ತದೆ. ಮುಂದಕ್ಕೂ ಹಿಂದಕ್ಕೂ ತಲಾ 30 ಡಿಗ್ರಿಯಾದರೂ ಚಲಿಸದಿದ್ದರೆ, ಅಸ್ಥಿರತೆ ಇದೆಯೆಂದಾಗಲಿ ಇಲ್ಲವೆಂದಾಗಲಿ ಹೇಳಲಾಗದೆಂದು ಬರೆದು, ಬಿಗಿತ ಇಳಿದ ಮೇಲೆ ಮತ್ತೆ ಬರಲು ಹೇಳುತ್ತೇನೆ.

ದೋಟಿಯವರ ವಿಡಿಯೊದಲ್ಲಿ ಯಾವ ಕಶೇರುವೂ ಮಿತಿಮೀರಿ ಜಾರಲಿಲ್ಲ. ಅವರು ಮೇಲೆ ನೋಡುವಾಗ ಎರಡು ಮತ್ತು ಮೂರನೆಯ ಕಶೇರುಗಳ ಜೋಡಿ ಮಾತ್ರ ಅಂಟಿಸಿಟ್ಟಂತೆ ನಿಂತು, ಕೆಳಗಿನವು ಅದರ ಪಾಲಿನ ಕೆಲಸವನ್ನೂ ಮಾಡುತ್ತಿದ್ದವು. ಇದು ಸುಳಿವೇ ಹೊರತು ಸಾಕ್ಷ್ಯವಲ್ಲ ಎಂದು ವರದಿಯಲ್ಲಿ ಸ್ಪಷ್ಟವಾಗಿ ಬರೆದೆ. ನೋವು ಚಿಕಿತ್ಸಾ ತಜ್ಞರು ಆ ಕೀಲಿಗೆ ಹೋಗುವ ಮೂರನೆಯ ಆಕ್ಸಿಪಿಟಲ್ ನರಕ್ಕೆ ಮರಗಟ್ಟಿಸುವ ಔಷಧವನ್ನು ಚುಚ್ಚಿದಾಗ ತಲೆನೋವು ಕೆಲವು ಗಂಟೆ ಪೂರ್ತಿ ಮಾಯವಾಯಿತು. ಇನ್ನೊಂದು ದಿನ ಚುಚ್ಚಿದಾಗಲೂ ಹಾಗೆಯೇ ಆಯಿತು. ವಿಡಿಯೊದ ಸುಳಿವಿಗೆ ಬಲ ಬಂದದ್ದು ಆಗಲೇ.

ಫಿಸಿಯೋಥೆರಪಿಯ ಜೊತೆಗೆ ಕೆಲಸದ ಕ್ರಮವನ್ನು ಅವರೇ ಬದಲಿಸಿಕೊಂಡರು: ಇಪ್ಪತ್ತು ನಿಮಿಷ ದೋಟಿ ಹಿಡಿದು, ಆಮೇಲೆ ಗೊನೆ ಹೊರುವವರೊಂದಿಗೆ ಅದಲುಬದಲು. ಮುಂದಿನ ಕೊಯ್ಲು ಮುಗಿದ ಮೇಲೆ ಬಂದಾಗ, ತಿಂಗಳಿಗೆ ಹದಿನೆಂಟು ದಿನ ಇದ್ದ ನೋವು ಐದಾರು ದಿನಕ್ಕೆ ಇಳಿದಿತ್ತು. ಕೀಲಿನ ಬಿಗಿತ ಬಿಟ್ಟಿದೆಯೇ ಎಂದು ನೋಡಲು ಇನ್ನೊಂದು ವಿಡಿಯೊ ತೆಗೆಯೋಣವೇ ಎಂದು ಕೇಳಿದರು. ಅದರಲ್ಲಿ ಏನು ಕಂಡರೂ ಚಿಕಿತ್ಸೆ ಬದಲಾಗುವುದಿಲ್ಲವಾದ್ದರಿಂದ ಬೇಡವೆಂದೆ. ಹಳೆಯದನ್ನೇ ಮೊಬೈಲಿಗೆ ಹಾಕಿಸಿಕೊಂಡು, ಮನೆಯವರಿಗೆ ತೋರಿಸಬೇಕೆಂದು ಹೊರಟುಹೋದರು.