ಆಡಿಯೊ ಪುಸ್ತಕ ಕೊಳ್ಳೋ ಮುಂಚೆ ದನಿ ಕೇಳ್ರಿ

ಕೊಪ್ಪಳ–ಹೊಸಪೇಟೆ ನಡುವೆ ದಿನಾ ಓಡಾಡೋರು ಗುಂಪಿನಾಗ ಬಹಳ ಮಂದಿ ಇದ್ದೀರಿ, ಅದಕ್ಕ ಹೇಳೋದು. ಪುಸ್ತಕದ ಹೆಸರು ನೋಡಿ ರೊಕ್ಕ ಕೊಡಬ್ಯಾಡ್ರಿ. ಮಾದರಿ ತುಣುಕಿನಾಗ ಮಾತುಕತೆ ಇರೋ ಭಾಗ ಹುಡುಕ್ರಿ. ವರ್ಣನೆ ಯಾರು ಬೇಕಾದ್ರೂ ಓದ್ತಾರ. ಇಬ್ಬರು ಜಗಳಾಡುವಾಗ ಹೆಸರು ಹೇಳದಿದ್ರೂ ಯಾರ ಮಾತು ಯಾವುದು ಅಂತ ತಿಳಿದ್ರೆ ಓದೋರು ಪಕ್ಕಾ. ನಮ್ಮ ಕಡೆ ಕಥಿ ಆದ್ರ ‘ಹೊಂಟೀನಿ’, ‘ಬರ್ರಿ’ ಅನ್ನೋದನ್ನ ಅಕ್ಷರ ಬಿಡಿಸಿ ಓದ್ತಾರೇನು ಗಮನಿಸ್ರಿ. ಹಂಗಿದ್ರ ಹತ್ತು ತಾಸು ತಡಕೊಳ್ಳೋದು ಕಷ್ಟ.

ಪತ್ತೇದಾರಿಗೆ ತಣ್ಣನೆ ದನಿ ಬೇಕು. ಪ್ರತಿ ಸಾಲಿಗೂ ಗಾಬರಿ ತುಂಬೋರು ಗುಟ್ಟು ಮೊದಲೇ ಬಿಟ್ಟುಕೊಡ್ತಾರ. ಹಾಸ್ಯದಾಗ ಓದೋರು ತಾವೇ ನಕ್ಕರೆ ಮುಗೀತು! ಇತಿಹಾಸಕ್ಕ 1.25 ವೇಗ ಚಲೋ, 10 ತಾಸಿಂದು 8ಕ್ಕ ಮುಗೀತದ. ವಚನ, ಕವಿತೆ ಮಾತ್ರ 1ರಾಗೇ ಇರಲಿ. ವೇಗ ಏರಿಸಿದ್ರ ನಡುವಿನ ವಿರಾಮನೂ ಕುಗ್ಗಿ ಲಯ ಕೆಡ್ತದ.

ಯಂತ್ರದ ದನಿ ಸುದ್ದಿ ಲೇಖನಕ್ಕ ಸಾಕು. ಇಸವಿ, ಸಂಕ್ಷೇಪಾಕ್ಷರ, ಪ್ರಶ್ನೆಯ ಏರಿಳಿತದಾಗ ಅದು ಎಡವೋದು ಹೆಚ್ಚು, ಕಾದಂಬರಿಗೆ ಬ್ಯಾಡ.

ಮನಿ ವೈಫೈನಾಗೇ ಡೌನ್‌ಲೋಡ್ ಮಾಡಿಟ್ಕೊಳ್ರಿ. 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಫೈಲು ತಾಸಿಗೆ ಸುಮಾರು 29 ಎಂಬಿ ಆಗ್ತದ, ಅಂದ್ರ 10 ತಾಸಿಗೆ 290 ಎಂಬಿ. ಬಸ್ಸಿನ ಸದ್ದಿಗೆ ವಾಲ್ಯೂಮ್ ಏರಿಸಬ್ಯಾಡ್ರಿ, ರಬ್ಬರ್ ತುದಿ ಇರೋ ಇಯರ್‌ಫೋನ್ ಹಾಕ್ಕೊಳ್ರಿ. ಕಿವಿಗೆ ಸರಿಯಾಗಿ ಕೂಡೋ ಅಳತಿ ತುದಿ ಹಾಕದಿದ್ರ ಸದ್ದು ಒಳಗ ಬರ್ತದ. ರಾತ್ರಿ ಕೇಳೋರು ಸ್ಲೀಪ್ ಟೈಮರ್ (ಇಟ್ಟ ಹೊತ್ತಿಗೆ ಆಡಿಯೊ ತಾನೇ ನಿಲ್ಲಿಸೋದು) 20 ನಿಮಿಷಕ್ಕ ಇಡ್ರಿ, ಇಲ್ಲಾಂದ್ರ ಮುಂಜಾನಿ ಎಲ್ಲಿಗೆ ನಿಂತಿತ್ತು ಅಂತ ಹುಡುಕಬೇಕಾಗ್ತದ.